ದುರ್ಯೋಧನ ಡಿಸ್ಕಿನಿಂದ ಹೊರಗೆ ಬರುತ್ತಿಲ್ಲ: ಸಿಡಿ ಓದುತ್ತದೆ, ಡಿವಿಡಿ ಓದಲ್ಲ, ಯಾರಾದರೂ ದಾರಿ ಹೇಳಿ

ಭಟ್ಟಿ ಪಕ್ಕದ ಮನೆ · ದಾವಣಗೆರೆ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸಮಸ್ಯೆ ಹಳೇ ಕಾಲದ್ದು, ನಗಬೇಡಿ.

2008ರಲ್ಲಿ ಜಗಳೂರು ತಾಲ್ಲೂಕಿನ ನಮ್ಮ ಊರಲ್ಲಿ ಜಾತ್ರೆಗೆ ಪೌರಾಣಿಕ ನಾಟಕ ಆಡಿದ್ದರು. ಅಪ್ಪಾಜಿ ದುರ್ಯೋಧನ. ರಾತ್ರಿ ಹತ್ತೂವರೆಗೆ ಪರದೆ ಎದ್ದಿದ್ದು, ಕೋಳಿ ಕೂಗುವ ಹೊತ್ತಿಗೆ ಮುಗಿಯಿತು. ವಿಡಿಯೊ ಮಾಡಿದವರು ಮೂರು ಡಿವಿಡಿ, ಒಂದು ಫೋಟೋ ಸಿಡಿ ಕೊಟ್ಟಿದ್ದರು. ಒಂದೆರಡು ಸಲ ನೋಡಿ ಟ್ರಂಕಿನಲ್ಲಿ ಹಾಕಿಟ್ಟೆವು. ಮುಂದಿನ ತಿಂಗಳು ಅಪ್ಪಾಜಿಗೆ 75 ತುಂಬುತ್ತದೆ. ಮೊಮ್ಮಕ್ಕಳಿಗೆ ತೋರಿಸೋಣ ಅಂತ ಹೊರಗೆ ತೆಗೆದೆ.

ಕಂಪ್ಯೂಟರ್ 2011ರಲ್ಲಿ ಜೋಡಿಸಿದ್ದು, ಈಗ ವಿಂಡೋಸ್ 10 ಇದೆ. ಒಳಗಿರುವುದು ಡಿವಿಡಿ ರೈಟರ್, ಸಾಟಾ ಕೇಬಲ್ಲಿನದು (ಡ್ರೈವನ್ನು ಮದರ್‌ಬೋರ್ಡಿಗೆ ಜೋಡಿಸುವ ವೈರು). ಫೋಟೋ ಸಿಡಿ ಹಾಕಿದರೆ ಓದುತ್ತದೆ. ಡಿವಿಡಿ ಹಾಕಿದರೆ ಗರ್ ಅಂತ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ, ಒಳಗೆ ಎರಡು ಸಲ ಟಕ್ ಟಕ್ ಅನ್ನುತ್ತದೆ. ಕೊನೆಗೆ ಡಿಸ್ಕ್ ಹಾಕಿ ಅಂತ ನನಗೇ ಹೇಳುತ್ತದೆ. ಹಾಕಿದ್ದೇನಲ್ಲಪ್ಪಾ!

ಇಲ್ಲೇ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ತೆರೆದೂ ನೋಡಲಿಲ್ಲ. ಡ್ರೈವ್ ಹೋಗಿದೆ ಅಂದರು. ಯುಎಸ್‌ಬಿಗೆ ಚುಚ್ಚುವ ಹೊಸ ಡ್ರೈವ್ ಮಾರಿದರು. ಮನೆಗೆ ಬಂದು ಹಾಕಿದರೆ ಮೊದಲನೇ ಡಿಸ್ಕ್ ಸ್ವಲ್ಪ ಓಡಿ ನಿಲ್ಲುತ್ತದೆ, ಎರಡನೇದು ಕಾಣಿಸಿ ಮಾಯವಾಗುತ್ತದೆ, ಮೂರನೇದು ಇಲ್ಲವೇ ಇಲ್ಲ. ಈಗ ನನ್ನ ಹತ್ತಿರ ಎರಡು ಡ್ರೈವ್ ಇವೆ, ಒಂದು ನಾಟಕವೂ ಇಲ್ಲ. ಅಪ್ಪಾಜಿ ಕೂತಲ್ಲೇ ನಗುತ್ತಾರೆ: "ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ, ಸುಮ್ನೆ ಕರೆದರೆ ಬರಲ್ಲ. ಭೀಮನನ್ನ ಕರೀ."

ಭೀಮ ಯಾರಾದರೂ ಇದ್ದೀರಾ?

ನರ್ಗಿಸ್ ಮಂಡಕ್ಕಿ · ದಾವಣಗೆರೆ · 9:52

ಡಿವಿಡಿನಾ? ನಮ್ಮ ಹೊಲದಲ್ಲಿ ಗಿಳಿ ಓಡಿಸೋಕೆ ಸೂರ್ಯಕಾಂತಿ ಮಧ್ಯೆ ದಾರ ಕಟ್ಟಿ ನೇತುಹಾಕಿದ್ದೇವೆ. ಇಡೀ ಪದವಿ ಓದಿನ ಪ್ರಾಜೆಕ್ಟ್ ಗಾಳಿಗೆ ತಿರುಗ್ತಾ ಇದೆ. ಗಿಳಿಗಳೂ ಅದನ್ನು ಓದಲ್ಲ.

ರಿಜಿಸ್ಟ್ರಿ ರಾಜ · ಹರಿಹರ · 10:05

ಇದು ತುಂಬಾ ಸುಲಭ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನೆಲ್ಲ ಬರೆದಿಡುವ ರಿಜಿಸ್ಟ್ರಿ ಇದೆಯಲ್ಲ, ಅದರ ಎಡಿಟರ್ ತೆಗೆಯಿರಿ. ಕರೆಂಟ್ ಕಂಟ್ರೋಲ್ ಸೆಟ್ ಒಳಗೆ ಕ್ಲಾಸ್ ಅಂತ ಫೋಲ್ಡರ್ ಇರುತ್ತದೆ. ಅದರಲ್ಲಿ 4ಡಿ36ಇ965 ಅಂತ ಶುರುವಾಗುವ ಉದ್ದದ ಹೆಸರು ಹುಡುಕಿ. ಅಲ್ಲಿರುವ ಅಪ್ಪರ್ ಫಿಲ್ಟರ್ಸ್, ಲೋಯರ್ ಫಿಲ್ಟರ್ಸ್ ಎರಡನ್ನೂ ಅಳಿಸಿ ರೀಸ್ಟಾರ್ಟ್ ಮಾಡಿ. ನಾನು ಹತ್ತು ಜನಕ್ಕೆ ಮಾಡಿಕೊಟ್ಟಿದ್ದೇನೆ. ಆಗಲಿಲ್ಲ ಅಂದರೆ ಫಾರ್ಮ್ಯಾಟ್ ಹೊಡೆಯಿರಿ.

ಹಳೇ ಸ್ಕ್ರೂಡ್ರೈವರ್ · ಚಿತ್ರದುರ್ಗ · 10:48

ತಮ್ಮಾ ರಾಜ, ಸ್ವಲ್ಪ ನಿಲ್ಲಪ್ಪ. ನೀನು ಹೇಳಿದ ಮದ್ದು ನಿಜ, ಆದರೆ ಈ ಕಾಯಿಲೆಗಲ್ಲ. ಆ ಫಿಲ್ಟರ್ ತೊಂದರೆ ಬಂದರೆ ಡ್ರೈವೇ ಕಾಣೆಯಾಗುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಅದರ ಮೇಲೆ ಹಳದಿ ಗುರುತು ಬಿದ್ದು ಕೋಡ್ 19 ಅಥವಾ 39 ಅಂತ ಬರುತ್ತದೆ. ಡಿಸ್ಕ್ ಸುಡುವ, ಅಂದರೆ ಖಾಲಿ ಡಿಸ್ಕಿಗೆ ಲೇಸರಿನಿಂದ ಬರೆಯುವ ಸಾಫ್ಟ್‌ವೇರ್ ಹಾಕಿ ತೆಗೆದವರಿಗೆ ಜಾಸ್ತಿ. ಇವರ ಡ್ರೈವ್ ಕಾಣುತ್ತದೆ, ಸಿಡಿ ಓದುತ್ತದೆ. ಸಿಡಿ ಓದುವ ಡ್ರೈವಿಗೆ ರಿಜಿಸ್ಟ್ರಿ ಯಾಕೆ ಕೆದಕಬೇಕು? ಫಾರ್ಮ್ಯಾಟ್ ಅಂತೂ ಮಾಡಲೇಬೇಡಿ. ಕಣ್ಣಿಗೆ ಪೊರೆ ಬಂದರೆ ಮನೆಗೆ ಸುಣ್ಣ ಹೊಡೆದ ಹಾಗೆ.

ಭಟ್ಟಿ ಪಕ್ಕದವರೇ, ನಿಮ್ಮಲ್ಲಿ ಎರಡು ಡ್ರೈವ್ ಇರುವುದು ಶಾಪ ಅಲ್ಲ, ಅನುಕೂಲ. ಮೊದಲು ಕೆಟ್ಟಿರುವುದು ಡ್ರೈವೋ ಡಿಸ್ಕೋ ಬೇರೆ ಮಾಡೋಣ. ಮನೆಯಲ್ಲಿ ಹುಡುಕಿದರೆ ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿ ಒಂದಾದರೂ ಸಿಗುತ್ತದೆ. ಹಾಡಿನ ಸಿಡಿಯೂ ಸಿಗುತ್ತದೆ. ಕಂಪನಿಯವರು ಅಚ್ಚು ಹಾಕಿ ಒತ್ತಿದ ಡಿಸ್ಕ್ ಬೇಕು, ಮನೆಯಲ್ಲಿ ಸುಟ್ಟಿದ್ದಲ್ಲ. ಅಡಿಭಾಗ ಬೆಳ್ಳಿ ಬಣ್ಣ ಇದ್ದರೆ ಸಾಮಾನ್ಯವಾಗಿ ಒತ್ತಿದ್ದು. ನೇರಳೆ, ನೀಲಿ, ಹಸಿರು ಛಾಯೆ ಇದ್ದರೆ ಸುಟ್ಟಿದ್ದು. ಒತ್ತಿದ ಸಿಡಿ, ಒತ್ತಿದ ಡಿವಿಡಿ, ನಿಮ್ಮ ನಾಟಕದ ಮೂರು. ಈ ಐದನ್ನೂ ಎರಡು ಡ್ರೈವಿನಲ್ಲೂ ಹಾಕಿ, ಏನಾಯಿತು ಅಂತ ಚೀಟಿಯಲ್ಲಿ ಬರೆದುಕೊಂಡು ಇಲ್ಲಿ ಹೇಳಿ. ಯುಎಸ್‌ಬಿ ಡ್ರೈವನ್ನು ಎಲ್ಲಿಗೆ ಚುಚ್ಚಿದ್ದೀರಿ? ಮುಂದಿನ ಪೋರ್ಟಿಗೋ ಹಿಂದಿನದಕ್ಕೋ?

ಭಟ್ಟಿ ಪಕ್ಕದ ಮನೆ · ಸೋಮವಾರ ಸಂಜೆ 7:15

ಅಣ್ಣಾ, ಬರೆದುಕೊಂಡೆ.

ಹಳೇ ಡ್ರೈವ್: ಒತ್ತಿದ ಸಿಡಿ ಓದಿತು. ಒತ್ತಿದ ಡಿವಿಡಿ ನಾಲ್ಕು ಸಲ ಹಾಕಿದರೆ ಒಂದು ಸಲ ಓದಿತು, ಅದೂ ಒಂದು ನಿಮಿಷ ಯೋಚನೆ ಮಾಡಿ. ನಾಟಕದ ಮೂರೂ ಇಲ್ಲ.

ಹೊಸ ಯುಎಸ್‌ಬಿ ಡ್ರೈವ್: ಒತ್ತಿದ ಎರಡೂ ಓದಿತು. ನಾಟಕದ ಕಥೆ ನಿನ್ನೆ ಹೇಳಿದ ಹಾಗೇ. ಹೌದು, ಮುಂದಿನ ಪೋರ್ಟಿಗೇ ಚುಚ್ಚಿದ್ದೆ. ಡ್ರೈವಿನ ಜೊತೆ ಎರಡು ತಲೆಯ ಕೇಬಲ್ ಬಂದಿತ್ತು, ಒಂದನ್ನೇ ಹಾಕಿದ್ದೆ. ಇನ್ನೊಂದು ಯಾಕೆ ಅಂತ ಅಂಗಡಿಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇನ್ನೊಂದು. ಸಾಟಾ ಕೇಬಲ್ ಬದಲಾಯಿಸಿ ನೋಡಿದೆ, ವ್ಯತ್ಯಾಸ ಆಗಲಿಲ್ಲ.

ಹಳೇ ಸ್ಕ್ರೂಡ್ರೈವರ್ · ಸೋಮವಾರ ರಾತ್ರಿ 8:30

ಎರಡು ತಲೆ ಇರುವುದು ಕರೆಂಟಿಗೆ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿ ಆಂಪಿಯರ್. ಡಿಸ್ಕ್ ಎದ್ದು ತಿರುಗುವಾಗ ಡ್ರೈವ್ ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ತೆಳ್ಳಗಿನ ವೈರಿನಲ್ಲಿ ಬಂದಿರುತ್ತದೆ, ಅಲ್ಲಿ ಇನ್ನೂ ಸೊರಗುತ್ತದೆ. ಎರಡೂ ತಲೆಯನ್ನು ಹಿಂದಿನ ಪೋರ್ಟುಗಳಿಗೆ ಹಾಕಿ. ಮೊದಲನೇ ಡಿಸ್ಕ್ ಅರ್ಧಕ್ಕೆ ನಿಲ್ಲುವುದು ಇದರಿಂದಲೇ ಸರಿಹೋಗಬಹುದು.

ಇನ್ನು ಹಳೇ ಡ್ರೈವ್. ಅದು ಸತ್ತಿಲ್ಲ ಅಂತ ನನ್ನ ಲೆಕ್ಕ. ಒಂದೇ ಲೆನ್ಸ್ ಕಾಣುತ್ತದೆ, ಹಿಂದೆ ಮಾತ್ರ ಎರಡು ಲೇಸರ್ ಇರುತ್ತವೆ. ಸಿಡಿಗೆ 780 ನ್ಯಾನೊಮೀಟರಿನದು, ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಡಿವಿಡಿಗೆ 650ರ ಕೆಂಪು. ಒಂದು ಸೊರಗಿದರೂ ಇನ್ನೊಂದು ನಡೆಯುತ್ತದೆ. ಹಾಗಾಗಿ ಸಿಡಿ ಓದಿತು ಅಂದಮಾತ್ರಕ್ಕೆ ಡ್ರೈವ್ ಚೆನ್ನಾಗಿದೆ ಅಂತಲೂ ಅಲ್ಲ, ಡಿವಿಡಿ ಓದಲಿಲ್ಲ ಅಂದಮಾತ್ರಕ್ಕೆ ಪೂರ್ತಿ ಹೋಗಿದೆ ಅಂತಲೂ ಅಲ್ಲ.

ಆದರೆ ನಿಮ್ಮದು ನಾಲ್ಕಕ್ಕೊಂದು ಸಲ ಓದುತ್ತಿದೆ. ಕೆಂಪು ಲೇಸರ್ ಸತ್ತಿದ್ದರೆ ಒಂದು ಸಲವೂ ಓದುತ್ತಿರಲಿಲ್ಲ. ಲೆನ್ಸ್ ಮಬ್ಬಾದರೆ ಹೀಗಾಗುತ್ತದೆ. ಸಿಡಿಯಲ್ಲಿ ಒಂದು ಸಾಲಿಗೂ ಇನ್ನೊಂದು ಸಾಲಿಗೂ 1.6 ಮೈಕ್ರಾನ್ ಅಂತರ. ಡಿವಿಡಿಯಲ್ಲಿ 0.74, ಅರ್ಧಕ್ಕಿಂತ ಕಡಿಮೆ. ಕನ್ನಡಕಕ್ಕೆ ಧೂಳು ಕೂತರೆ ಪೇಪರಿನ ತಲೆಬರಹ ಓದಬಹುದು, ಪಂಚಾಂಗದ ಸಣ್ಣ ಅಕ್ಷರ ಓದೋಕಾಗಲ್ಲ. ಅಷ್ಟೇ.

ನಿಮ್ಮ ಹೆಸರು ನೋಡಿಯೇ ನನಗೆ ಅನುಮಾನ ಇತ್ತು. ಮನೆ ಮಂಡಕ್ಕಿ ಭಟ್ಟಿ ಪಕ್ಕದಲ್ಲೇನಾ?

ಭಟ್ಟಿ ಪಕ್ಕದ ಮನೆ · 8:41

ಪಕ್ಕ ಅಂದರೆ ಪಕ್ಕವೇ ಅಣ್ಣಾ. ಬಿಳಿ ಬಟ್ಟೆ ಒಣಗಿಸಲು ಗಾಳಿಯ ದಿಕ್ಕು ನೋಡಬೇಕು. ಕಿಟಕಿಯ ಸರಳು ಮುಟ್ಟಿದರೆ ಬೆರಳು ಕಪ್ಪಾಗುತ್ತದೆ.

ಹಳೇ ಸ್ಕ್ರೂಡ್ರೈವರ್ · 8:59

ಸಿಕ್ಕಿತಲ್ಲ. ಕಂಪ್ಯೂಟರಿನ ಹಿಂದಿನ ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುತ್ತದೆ. ಆ ಗಾಳಿ ಮುಂದಿನ ಸಂದಿಗಳಿಂದ ಒಳಗೆ ಬರಬೇಕು. ಡಿವಿಡಿ ಟ್ರೇ ಸಂದಿಯೂ ಒಂದು. 2011ರಿಂದ ನಿಮ್ಮ ಡ್ರೈವ್ ಭಟ್ಟಿ ಹೊಗೆ ಸೇದುತ್ತಾ ಕೂತಿದೆ.

ಧೈರ್ಯ ಇದ್ದರೆ ತೆರೆಯಿರಿ. ಮೊದಲು ಪವರ್ ವೈರ್ ಪೂರ್ತಿ ಕಿತ್ತಿಡಿ, ಮುಚ್ಚಳ ತೆರೆದಿರುವಾಗ ಕರೆಂಟ್ ಕೊಡಲೇಬಾರದು. ಲೇಸರ್ ಕಣ್ಣಿಗೆ ಕೆಟ್ಟದ್ದು, ಕಾಣದೇ ಇರುವುದು ಇನ್ನೂ ಕೆಟ್ಟದ್ದು. ಡ್ರೈವನ್ನು ಹೊರಗೆ ತೆಗೆದು ತಲೆಕೆಳಗು ಮಾಡಿದರೆ ನಾಲ್ಕು ಸ್ಕ್ರೂ ಕಾಣುತ್ತವೆ. ಟ್ರೇಯ ಮುಖದಲ್ಲಿ ಸಣ್ಣ ತೂತು ಇರುತ್ತದೆ. ಅದಕ್ಕೆ ಬಿಚ್ಚಿದ ಜೆಮ್ ಕ್ಲಿಪ್ ನೇರವಾಗಿ ಒತ್ತಿದರೆ ಕರೆಂಟ್ ಇಲ್ಲದೆಯೇ ಟ್ರೇ ಹೊರಗೆ ಬರುತ್ತದೆ. ನಾವು ದುರ್ಗದವರು ಅದನ್ನು ಓಬವ್ವನ ಕಿಂಡಿ ಅನ್ನುತ್ತಿದ್ದೆವು. ವ್ಯತ್ಯಾಸ ಇಷ್ಟೇ, ಇಲ್ಲಿ ಒನಕೆ ಹೊರಗಿನವನ ಕೈಯಲ್ಲಿರುತ್ತದೆ.

ಲೆನ್ಸ್ ಒಂದು ಮೆಂತ್ಯಕಾಳಿಗಿಂತ ಸ್ವಲ್ಪ ದೊಡ್ಡದಿರುತ್ತದೆ, ಕೂದಲಿನಂಥ ತಂತಿಗಳ ಮೇಲೆ ತೇಲುತ್ತಿರುತ್ತದೆ. ಒತ್ತಬೇಡಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಕ್ಯಾಮೆರಾದವರ ರಬ್ಬರ್ ಬ್ಲೋವರ್ ಇದ್ದರೆ ಮೊದಲು ಧೂಳು ಊದಿ. ಆಮೇಲೆ ಇಯರ್‌ಬಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಮೆತ್ತಗೆ ಒರೆಸಿ. ಮೊಬೈಲ್ ರಿಪೇರಿಯವರಲ್ಲಿ ಐಪಿಎ ಅಂತ ಕೇಳಿದರೆ ಸಿಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಪದರ ಉಳಿಯುತ್ತದೆ. ಉಗುರು ಬಣ್ಣ ತೆಗೆಯುವ ದ್ರವ ಮುಟ್ಟಲೇಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಲೆನ್ಸ್ ಪ್ಲಾಸ್ಟಿಕ್ ಅಲ್ಲೇ ಮಂಜಾಗುತ್ತದೆ. ಎರಡನೇ ಒಣ ಇಯರ್‌ಬಡ್ಡಿನಿಂದ ಮುಗಿಸಿ.

ಲೆನ್ಸ್ ಓಡಾಡುವ ಎರಡು ಉಕ್ಕಿನ ಸರಳುಗಳನ್ನೂ ನೋಡಿ. ಗ್ರೀಸ್ ಗಟ್ಟಿಯಾಗಿ ಅಂಟಾಗಿದ್ದರೆ ಒರೆಸಿ ಒಂದು ಚಿಟಿಕೆ ಬಿಳಿ ಗ್ರೀಸ್ ಹಚ್ಚಿ. ಟಕ್ ಟಕ್ ಅಂತ ಸದ್ದು ಬರುವುದು ಬಹಳ ಸಲ ಅಲ್ಲಿಂದ. ಕೊಬ್ಬರಿ ಎಣ್ಣೆ ಹಾಕಿದವರನ್ನು ಕಂಡಿದ್ದೇನೆ, ಚಳಿಗಾಲ ಬಂದಾಗ ಅವರನ್ನು ಮತ್ತೆ ಕಂಡಿದ್ದೇನೆ.

ಲೇಸರ್ ಪಕ್ಕ ಸಣ್ಣ ತಿರುಪು ಕಂಡರೆ ಕೈ ಹಾಕಬೇಡಿ. ಅದು ಲೇಸರಿಗೆ ಹೋಗುವ ಕರೆಂಟಿನದು. ತಿರುಗಿಸಿದರೆ ಎರಡು ದಿನ ಚೆನ್ನಾಗಿ ಓದಿ ಮೂರನೇ ದಿನ ಸುಟ್ಟುಹೋಗುತ್ತದೆ.

ಎಲ್ಲದಕ್ಕೂ ಪೇಸ್ಟ್ · ಚಳ್ಳಕೆರೆ · 9:20

ಲೆನ್ಸ್ ಗಿನ್ಸ್ ಯಾಕ್ರಿ? ಡಿಸ್ಕಿಗೆ ಹಲ್ಲುಜ್ಜುವ ಪೇಸ್ಟ್ ಹಚ್ಚಿ ಉಜ್ಜಿ, ತೊಳೆದು ಹಾಕಿ. ನಮ್ಮ ಕೇಬಲ್ ಆಪರೇಟರ್ ಅಂಗಡಿಯಲ್ಲಿ ದಿನಾ ಮಾಡ್ತಿದ್ದೆವು. ಬಾಳೆಹಣ್ಣಿನ ಸಿಪ್ಪೆಯೂ ಆಗುತ್ತದೆ.

ಗ್ರಂಥಾಲಯದ ಮೇಡಂ · ದಾವಣಗೆರೆ · 9:45

ಪೇಸ್ಟಿನವರೇ, ನಿಮ್ಮ ಮಾತಲ್ಲಿ ಕಾಲು ಭಾಗ ನಿಜ ಇದೆ. ನಾನು ಕಾಲೇಜು ಗ್ರಂಥಾಲಯದಲ್ಲಿ ಪುಸ್ತಕದ ಜೊತೆ ಬರುತ್ತಿದ್ದ ನೂರಾರು ಡಿಸ್ಕ್ ನೋಡಿಕೊಂಡವಳು. ಡಿಸ್ಕಿನ ಅಡಿಭಾಗದ ಗೀರು ಪ್ಲಾಸ್ಟಿಕ್ಕಿನ ಮೇಲಿನದು. ಬಿಳಿ ಪೇಸ್ಟ್ ಅದನ್ನು ಸ್ವಲ್ಪ ಪಾಲಿಶ್ ಮಾಡುತ್ತದೆ, ಜೆಲ್ ಪೇಸ್ಟ್ ಏನೂ ಮಾಡಲ್ಲ. ಗೀರು ಇಲ್ಲದ ಡಿಸ್ಕಿಗೆ ಹಚ್ಚಿದರೆ ಗೀರು ನೀವೇ ಹಾಕಿದಂತೆ.

ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ನೇರ ಒರೆಸಬೇಕು. ತಟ್ಟೆ ತೊಳೆದ ಹಾಗೆ ಸುತ್ತಲೂ ತಿರುಗಿಸಬಾರದು. ಅಡ್ಡ ಗೀರು ಬಿದ್ದರೆ ಪ್ರತಿ ಸಾಲಿನಲ್ಲಿ ಚೂರು ಚೂರು ಮಾತ್ರ ಹೋಗುತ್ತದೆ. ಅಷ್ಟನ್ನು ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುವ ವ್ಯವಸ್ಥೆ ಡಿಸ್ಕಿನಲ್ಲೇ ಇದೆ. ಸಾಲಿನ ಉದ್ದಕ್ಕೂ ಗೀರು ಬಿದ್ದರೆ ಒಂದೇ ಕಡೆ ತುಂಬಾ ಹೋಗಿ ಅದು ಕೈಚೆಲ್ಲುತ್ತದೆ.

ಜನ ಎಲ್ಲರೂ ಅಡಿಭಾಗಕ್ಕೇ ಹೆದರುತ್ತಾರೆ. ಸಿಡಿಯಲ್ಲಿ ನಿಜವಾದ ಮರ್ಮಸ್ಥಾನ ಮೇಲ್ಭಾಗ. 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕಿನ ಮೇಲೆ ಬೆಳ್ಳಿಯಂಥ ಪದರ, ಅದರ ಮೇಲೆ ತೆಳ್ಳಗಿನ ವಾರ್ನಿಶ್, ಆಮೇಲೆ ಹೆಸರು. ಬಾಲ್‌ಪೆನ್ನಿನಲ್ಲಿ ಒತ್ತಿ ಹೆಸರು ಬರೆದು ಸಿಡಿ ಕೊಂದವರು ಎಷ್ಟೋ ಮಂದಿ. ಡಿವಿಡಿ ವಾಸಿ, ಅದರಲ್ಲಿ ಎರಡು ಹಾಳೆ ಅಂಟಿಸಿ ಮಾಹಿತಿಯನ್ನು ಮಧ್ಯದಲ್ಲಿ ಇಟ್ಟಿರುತ್ತಾರೆ.

ನಿಮ್ಮ ನಾಟಕದ ಡಿಸ್ಕುಗಳ ಮೇಲೆ ಕಾಗದದ ಸ್ಟಿಕ್ಕರ್ ಇದೆಯಾ?

ಭಟ್ಟಿ ಪಕ್ಕದ ಮನೆ · 9:58

ಇದೆ ಮೇಡಂ. ಅಪ್ಪಾಜಿ ಗದೆ ಹಿಡಿದು ನಿಂತ ಫೋಟೋ, ಕೆಳಗೆ ವಿಡಿಯೊದವರ ಫೋನ್ ನಂಬರ್. ಎರಡನೇ ಡಿಸ್ಕಿನ ಸ್ಟಿಕ್ಕರ್ ಅಂಚಿನಲ್ಲಿ ಎದ್ದಿದೆ. ಪೂರ್ತಿ ಕಿತ್ತುಬಿಡಲಾ?

ಗ್ರಂಥಾಲಯದ ಮೇಡಂ · 10:03

ಬೇಡ ಬೇಡ, ಕೀಳಬೇಡಿ! ಕೀಳುವಾಗ ಡಿಸ್ಕ್ ಬಾಗುತ್ತದೆ, ಅಂಟಿಸಿದ ಹಾಳೆಗಳು ಬಿಟ್ಟುಕೊಂಡರೆ ಮುಗಿಯಿತು. ಎದ್ದಿರುವ ಅಂಚನ್ನು ಮಾತ್ರ ಬೆರಳಿನಿಂದ ಮೆಲ್ಲಗೆ ಒತ್ತಿ ಕೂರಿಸಿ. ಅಂಟು ವರ್ಷಗಳಲ್ಲಿ ಸೆಳೆದುಕೊಳ್ಳುತ್ತದೆ, ಡಿಸ್ಕ್ ಸ್ವಲ್ಪ ಬಟ್ಟಲಾಗುತ್ತದೆ. ಜೋರಾಗಿ ತಿರುಗುವಾಗ ಅಂಚು ಕುಣಿಯುತ್ತದೆ. ಜೊತೆಗೆ ಸುಟ್ಟ ಡಿಸ್ಕಿನಲ್ಲಿ ಮಾಹಿತಿ ಇರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಶಾಖ ಎರಡೂ ಆ ಬಣ್ಣಕ್ಕೆ ಆಗಿಬರಲ್ಲ. ಟ್ರಂಕ್ ಎಲ್ಲಿಟ್ಟಿದ್ದಿರಿ?

ಭಟ್ಟಿ ಪಕ್ಕದ ಮನೆ · 10:06

ಅಟ್ಟದ ಮೇಲೆ. ತಗಡಿನ ಕೆಳಗೆ.

ಗ್ರಂಥಾಲಯದ ಮೇಡಂ · 10:07

ಅಯ್ಯೋ.

ಹೊಳಲ್ಕೆರೆ ಹುಡುಗ · ಮಂಗಳವಾರ ಬೆಳಿಗ್ಗೆ 8:10

ನಡುವೆ ನುಗ್ಗಿದ್ದಕ್ಕೆ ಕ್ಷಮಿಸಿ. ನನ್ನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ತಿರುಗುವುದೇ ಇಲ್ಲ. ಕರಕರ ಅನ್ನುತ್ತದೆ. ಇದೂ ಲೆನ್ಸಾ?

ಹಳೇ ಸ್ಕ್ರೂಡ್ರೈವರ್ · 8:25

ಲ್ಯಾಪ್‌ಟಾಪಿನ ತೆಳು ಡ್ರೈವಿನಲ್ಲಿ ಡಿಸ್ಕನ್ನು ಸುಮ್ನೆ ಇಟ್ಟರೆ ಸಾಲದು ತಮ್ಮಾ. ನಡುವಿನ ಗುಂಡಿಯ ಮೇಲೆ ಎರಡು ಹೆಬ್ಬೆರಳಿನಿಂದ ಕಟ್ ಅನ್ನುವವರೆಗೆ ಒತ್ತು. ಕೆಳಗೆ ಇನ್ನೊಂದು ಕೈ ಆಸರೆ ಕೊಡು, ಟ್ರೇ ತೆಳ್ಳಗಿರುತ್ತದೆ.

ಹೊಳಲ್ಕೆರೆ ಹುಡುಗ · 8:31

ಓದಿತು. ನಾಲ್ಕು ವರ್ಷದಿಂದ ಕೆಟ್ಟಿದೆ ಅಂದುಕೊಂಡಿದ್ದೆ. ಯಾರಿಗೂ ಹೇಳಬೇಡಿ.

ಭಟ್ಟಿ ಪಕ್ಕದ ಮನೆ · ಬುಧವಾರ ರಾತ್ರಿ 10:20

ಸಮಾಚಾರ ಇದೆ.

ಅಶೋಕ ರಸ್ತೆ ಕಡೆ ಹೋದಾಗ ಐಪಿಎ ಒಂದು ಸಣ್ಣ ಬಾಟಲಿ ತಂದೆ. ಡ್ರೈವ್ ತೆರೆದೆ. ಮುಚ್ಚಳದ ಒಳಭಾಗಕ್ಕೆ ಬೂದಿ ಬಣ್ಣದ ಪದರ ಹಿಡಿದಿತ್ತು, ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಲೆನ್ಸ್ ಹೊರನೋಟಕ್ಕೆ ಚೆನ್ನಾಗೇ ಇತ್ತು, ಇದೇನು ಒರೆಸೋದು ಅಂದುಕೊಂಡೆ. ಒರೆಸಿದ ಇಯರ್‌ಬಡ್ ನೋಡಿದರೆ ತುದಿ ಬೂದು. ಎರಡನೇದೂ ಸ್ವಲ್ಪ ಬೂದು. ಮೂರನೇದು ಬಿಳಿ. ಕೈ ನಡುಗುತ್ತಿತ್ತು, ಸುಳ್ಳು ಹೇಳಲ್ಲ. ನನ್ನ ಹೆಂಡತಿ ಟಾರ್ಚ್ ಹಿಡಿದು "ಉಸಿರು ಬಿಡಿ ರೀ" ಅಂತ ನೆನಪಿಸುತ್ತಿದ್ದಳು.

ಜೋಡಿಸುವಾಗ ಒಂದು ಸ್ಕ್ರೂ ಉಳಿಯಿತು. ಅದು ಎಲ್ಲಿಯದು ಅಂತ ಇನ್ನೂ ಗೊತ್ತಾಗಿಲ್ಲ.

ಒತ್ತಿದ ಡಿವಿಡಿ ಐದಕ್ಕೆ ಐದು ಸಲ ಓದಿತು! ನಾಟಕದ ಮೊದಲನೇ ಡಿಸ್ಕ್ ಹಾಕಿದೆ, ಬಂತು. ಹಾರ್ಮೋನಿಯಂ ಶುರುವಾಯಿತು. ಒಳಗೆ ಮಲಗಿದ್ದ ಅಪ್ಪಾಜಿ ಎದ್ದು ಬಂದು ಮಾಸ್ತರ್ ಹೆಸರು ಹೇಳಿದರು. ಮೊದಲನೇ ಡಿಸ್ಕ್ ಪೂರ್ತಿ ಹಾರ್ಡ್ ಡಿಸ್ಕಿಗೆ ಕಾಪಿ ಆಗಿದೆ. ಯುಎಸ್‌ಬಿ ಡ್ರೈವಿಗೆ ಎರಡೂ ತಲೆ ಹಿಂದೆ ಚುಚ್ಚಿದ ಮೇಲೆ ಅದರಲ್ಲೂ ನಿಲ್ಲದೆ ಓಡುತ್ತದೆ.

ಎರಡನೇದು ಈಗ ಎರಡೂ ಡ್ರೈವಿನಲ್ಲಿ ತೆರೆಯುತ್ತದೆ, ಆದರೆ ಕಾಪಿ ಹಾಕಿದರೆ ಕೊನೆಕೊನೆಗೆ ನಿಂತು ಎರರ್ ಕೊಟ್ಟು ಎಲ್ಲವನ್ನೂ ಬಿಟ್ಟುಬಿಡುತ್ತದೆ. ಮೂರನೇದು ಎರಡರಲ್ಲೂ ಇಲ್ಲ. ಖಾಲಿ ಡಿಸ್ಕ್ ಅಂತ ತೋರಿಸುತ್ತದೆ. ಸರೋವರದ ದೃಶ್ಯ ಇರುವುದು ಮೂರನೇದರಲ್ಲೇ.

ಪೆಂಗ್ವಿನ್ 16 · ಚಿತ್ರದುರ್ಗ · ಬುಧವಾರ ರಾತ್ರಿ 11:02

ಎರಡನೇ ಡಿಸ್ಕ್ ನನಗೆ ಬಿಡಿ. ಡಿಸ್ಕ್ ಒಳಗಿನಿಂದ ಹೊರಗೆ ಓದುತ್ತದೆ, ಅಂದರೆ ವಿಡಿಯೊದ ಕೊನೆ ಇರುವುದು ಹೊರ ಅಂಚಿನ ಕಡೆ. ನಿಮ್ಮ ಸ್ಟಿಕ್ಕರ್ ಎದ್ದಿರುವುದೂ ಅಲ್ಲೇ. ವಿಂಡೋಸ್ ಕಾಪಿ ಒಂದು ಕಡೆ ಎಡವಿದರೆ ಅಲ್ಲಿಯವರೆಗೆ ತಂದಿದ್ದನ್ನೂ ಚೆಲ್ಲಿಬಿಡುತ್ತದೆ. ಅದಕ್ಕೆ ಕಾಪಿ ಮಾಡಬೇಡಿ, ಇಡೀ ಡಿಸ್ಕಿನ ಅಚ್ಚು ತೆಗೆಯಿರಿ.

ಪೆನ್‌ಡ್ರೈವಿನಿಂದ ಲಿನಕ್ಸ್ ಓಡಿಸಿ, ಅದು ವಿಂಡೋಸ್ ಥರದ್ದೇ ಇನ್ನೊಂದು ಉಚಿತ ವ್ಯವಸ್ಥೆ. ಇನ್‌ಸ್ಟಾಲ್ ಮಾಡುವುದು ಬೇಡ. ಅದರಲ್ಲಿ ಡಿಡಿರೆಸ್ಕ್ಯೂ ಅನ್ನುವ ಉಚಿತ ಉಪಕರಣ ಹಾಕಿಕೊಳ್ಳಿ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಬಂದಿದ್ದನ್ನೆಲ್ಲ ಬಾಚಿಕೊಳ್ಳುತ್ತದೆ, ಕೆಟ್ಟ ಜಾಗ ಬಂದರೆ ಅಲ್ಲೇ ಕೂರದೆ ಹಾರಿ ಮುಂದೆ ಹೋಗುತ್ತದೆ. ಎಲ್ಲಿ ಬಂತು ಎಲ್ಲಿ ಬರಲಿಲ್ಲ ಅನ್ನುವುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಸೆಕ್ಟರ್, ಅಂದರೆ ಒಂದು ಸಲಕ್ಕೆ ಓದುವ ತುಣುಕಿನ ಅಳತೆ 2048 ಬೈಟ್ ಅಂತ ಕೊಡಿ, ಡಿವಿಡಿಗೆ ಅದೇ.

ನನಗೆ ಇಷ್ಟವಾಗುವುದು ಇದರ ಮುಂದಿನ ಆಟ. ಹಳೇ ಡ್ರೈವಿನಲ್ಲಿ ಒಂದು ಸುತ್ತು ಮುಗಿಸಿ ಡಿಸ್ಕನ್ನು ಯುಎಸ್‌ಬಿ ಡ್ರೈವಿಗೆ ಹಾಕಿ, ಅದೇ ಮ್ಯಾಪ್ ಫೈಲ್ ಕೊಟ್ಟು ಮತ್ತೆ ಓಡಿಸಿ. ಬಾಕಿ ಇರುವ ಜಾಗಗಳನ್ನು ಮಾತ್ರ ಪ್ರಯತ್ನಿಸುತ್ತದೆ. ಒಂದು ಡ್ರೈವಿಗೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ, ಕಣ್ಣು ಬೇರೆ ಬೇರೆ ಅಲ್ವಾ. ವೇಗವನ್ನೂ ಇಳಿಸಿ. ಎಜೆಕ್ಟ್ ಕಮಾಂಡಿನಲ್ಲೇ ವೇಗ ಹೇಳುವ ಆಯ್ಕೆ ಇದೆ, 4 ಅಂತ ಕೊಟ್ಟು ನೋಡಿ. ಪೂರ್ತಿ ವೇಗದಲ್ಲಿ ಡ್ರೈವ್ ನಿಮಿಷಕ್ಕೆ ಸುಮಾರು 10,000 ಸುತ್ತು ಹೊಡೆಯುತ್ತದೆ, ಬಟ್ಟಲಾದ ಡಿಸ್ಕ್ ಅಷ್ಟು ಓಟದಲ್ಲಿ ನಿಲ್ಲಲ್ಲ.

ರಾತ್ರಿಯಿಡೀ ಬಿಟ್ಟು ಮಲಗಿ. ಮಧ್ಯೆ ಕರೆಂಟ್ ಹೋದರೂ ಮ್ಯಾಪ್ ಫೈಲ್ ಇದ್ದರೆ ನಿಂತಲ್ಲಿಂದ ಮುಂದುವರಿಯುತ್ತದೆ.

ರಿಜಿಸ್ಟ್ರಿ ರಾಜ · 11:10

ಮೂರನೇದು ಬೇರೆ ದೇಶದ ರೀಜನ್ ಕೋಡ್ ಇರಬಹುದು, ಯಾವ ದೇಶಗಳಲ್ಲಿ ಓಡಬೇಕು ಅಂತ ಡಿಸ್ಕಿಗೆ ಹಾಕುವ ಬೀಗ. ನಮ್ಮದು 5. ಡ್ರೈವಿನಲ್ಲಿ ಐದು ಸಲ ಮಾತ್ರ ಬದಲಾಯಿಸಬಹುದು.

ಪೆಂಗ್ವಿನ್ 16 · 11:12

ರಾಜಣ್ಣ, ಜಗಳೂರು ಜಾತ್ರೆಗೆ ಯಾವ ರೀಜನ್ನು?

ಹಳೇ ಸ್ಕ್ರೂಡ್ರೈವರ್ · ಗುರುವಾರ ಬೆಳಿಗ್ಗೆ 6:50

ನಗಬೇಡಿ, ಪಾಪ ಹುಡುಗ ಹುರುಪಿನಿಂದ ಹೇಳುತ್ತಾನೆ. ರೀಜನ್ ಕೋಡ್ ಸಿನಿಮಾ ಡಿಸ್ಕಿಗೆ, ಮನೆಯಲ್ಲಿ ಸುಟ್ಟಿದ್ದಕ್ಕೆ ಇರಲ್ಲ.

ಭಟ್ಟಿ ಪಕ್ಕದವರೇ, ಒಂದು ಪ್ರಶ್ನೆ. ಯೋಚಿಸಿ ಹೇಳಿ. ಮೂರನೇ ಡಿಸ್ಕನ್ನು 2008ರಲ್ಲಿ ನೀವು ನಿಜವಾಗಿ ನೋಡಿದ್ದಿರಾ?

ಭಟ್ಟಿ ಪಕ್ಕದ ಮನೆ · 7:30

ಅಣ್ಣಾ, ಕೇಳಿದ್ದು ಒಳ್ಳೆಯದಾಯಿತು. ಅಪ್ಪಾಜಿನ ಕೇಳಿದೆ. ಟಿವಿ ಕೆಳಗಿನ ಪ್ಲೇಯರಿನಲ್ಲಿ ಮೂರನೇದು ಆಗಲೂ ಓಡಿರಲಿಲ್ಲವಂತೆ. ವಿಡಿಯೊದವರ ಹತ್ತಿರ ತೆಗೆದುಕೊಂಡು ಹೋದಾಗ ಅವರ ಮಿಷನ್ನಿನಲ್ಲಿ ಓಡಿಸಿ ತೋರಿಸಿ, ನಿಮ್ಮ ಪ್ಲೇಯರ್ ಸರಿಯಿಲ್ಲ ಅಂದು ಕಳಿಸಿದ್ದರಂತೆ. ಅಪ್ಪಾಜಿ ನಮ್ಮ ಪ್ಲೇಯರ್ ಮಾರಿದರು!

ಹಳೇ ಸ್ಕ್ರೂಡ್ರೈವರ್ · 7:44

ಹಾಗಾದರೆ ಅದು ಕೆಟ್ಟಿಲ್ಲ, ಮುಗಿದಿಲ್ಲ. ಆಗ ವಿಡಿಯೊದವರು ಕ್ಯಾಮೆರಾದಿಂದ ನೇರ ಡಿವಿಡಿ ರೆಕಾರ್ಡರ್ ಮಿಷನ್ನಿಗೆ ಹಾಕಿ ಸುಡುತ್ತಿದ್ದರು. ಸುಟ್ಟ ಮೇಲೆ ಫೈನಲೈಸ್ ಅಂತ ಒಂದು ಕೆಲಸ ಇರುತ್ತದೆ. ಪುಸ್ತಕ ಬರೆದು ಪರಿವಿಡಿ ಹಾಕಿ ರಟ್ಟು ಕಟ್ಟಿದ ಹಾಗೆ. ಅದನ್ನು ಮಾಡದೇ ಹೊರಗೆ ತೆಗೆದರೆ, ಬರೆದ ಮಿಷನ್ನಿಗೆ ಮಾತ್ರ ಓದಲು ಬರುತ್ತದೆ. ಉಳಿದವರಿಗೆ ಖಾಲಿ. ಮದುವೆ ಸೀಸನ್ನಿನಲ್ಲಿ ಆತುರಕ್ಕೆ ಹೀಗೆ ಕೊಟ್ಟಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಡಿಸ್ಕಿನ ಅಡಿಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸುಟ್ಟ ಜಾಗ ಸ್ವಲ್ಪ ಗಾಢ, ಸುಡದ ಜಾಗ ತಿಳಿ. ಗೆರೆ ಕಂಡರೆ ನಾಟಕ ಒಳಗಿದೆ.

ಭಟ್ಟಿ ಪಕ್ಕದ ಮನೆ · 7:51

ಕಾಣ್ತಿದೆ!! ಮುಕ್ಕಾಲು ಭಾಗದವರೆಗೆ ಗಾಢ, ಆಮೇಲೆ ತಿಳಿ. ಮೊಮ್ಮಕ್ಕಳೆಲ್ಲ ಸಾಲಾಗಿ ನಿಂತು ನೋಡುತ್ತಿದ್ದಾರೆ.

ಪೆಂಗ್ವಿನ್ 16 · 9:15

ಇದಕ್ಕೆ ವಿಂಡೋಸಿನಲ್ಲಿ ಐಸೋಬಸ್ಟರ್ ಹಾಕಿ ನೋಡಿ. ಫೈನಲೈಸ್ ಆಗದ ಡಿಸ್ಕಿನ ಒಳಗೆ ಹೊಕ್ಕು ವಿಡಿಯೊ ಎಲ್ಲಿದೆ ಅಂತ ತೋರಿಸುತ್ತದೆ. ನೋಡಲು ದುಡ್ಡು ಬೇಡ, ಹೊರತೆಗೆಯಲು ಕೆಲವು ಸಂದರ್ಭಗಳಲ್ಲಿ ಲೈಸೆನ್ಸ್ ಕೇಳುತ್ತದೆ. ಡಿಸ್ಕಿಗೆ ಏನನ್ನೂ ಬರೆಯಬೇಡಿ. ಖಾಲಿ ಡಿಸ್ಕ್, ಫಾರ್ಮ್ಯಾಟ್ ಮಾಡಲಾ ಅಂತ ವಿಂಡೋಸ್ ವಿನಯವಾಗಿ ಕೇಳುತ್ತದೆ. ಬೇಡ ಅನ್ನಿ. ಪ್ರತಿ ಸಲವೂ ಬೇಡ ಅನ್ನಿ.

ಭಟ್ಟಿ ಪಕ್ಕದ ಮನೆ · ಭಾನುವಾರ ಮಧ್ಯಾಹ್ನ 3:30

ತಡವಾಯಿತು, ಮನೆ ತುಂಬಾ ಜನ. ಒಂದೊಂದಾಗಿ ಹೇಳುತ್ತೇನೆ.

ಎರಡನೇ ಡಿಸ್ಕ್: ಹಳೇ ಡ್ರೈವಿನಲ್ಲಿ ಒಂದು ರಾತ್ರಿ, ಯುಎಸ್‌ಬಿಯಲ್ಲಿ ಒಂದು ರಾತ್ರಿ ಓಡಿಸಿದೆ. ಮೊದಲ ರಾತ್ರಿ ಸುಮಾರು 300 ಎಂಬಿ ಬಾಕಿ ಇತ್ತು. ಡ್ರೈವ್ ಬದಲಾಯಿಸಿ ವೇಗ ಇಳಿಸಿದ ಮೇಲೆ 60ಕ್ಕೆ ಬಂತು. ಅಲ್ಲಿಂದ ಮುಂದೆ ಅಲುಗಾಡಲಿಲ್ಲ.

ಮೂರನೇದು: ಐಸೋಬಸ್ಟರ್ ತೆರೆದ ಕೂಡಲೇ ಒಂದೇ ಉದ್ದದ ವಿಡಿಯೊ ಕಾಣಿಸಿತು. ಲೈಸೆನ್ಸ್ ಕೇಳಿತು, ಕೊಟ್ಟೆ. ಯುಎಸ್‌ಬಿ ಡ್ರೈವಿಗೆ ಕೊಟ್ಟ ದುಡ್ಡಿನಷ್ಟು ನೋಯಲಿಲ್ಲ. ಮೆನು ಇಲ್ಲ, ಅಧ್ಯಾಯ ಇಲ್ಲ, ಆದರೆ ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್ ಸಾಫ್ಟ್‌ವೇರಿನಲ್ಲಿ ಮೊದಲಿನಿಂದ ಕೊನೆಯವರೆಗೂ ಓಡುತ್ತದೆ. ಇಷ್ಟು ವರ್ಷಗಳಲ್ಲಿ ಆ ಭಾಗವನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಭೀಮ ದಡದಲ್ಲಿ ನಿಂತು ಬೈಯುತ್ತಾನೆ, ಅಪ್ಪಾಜಿ ನೀಲಿ ಪರದೆಯ ಹಿಂದಿನಿಂದ ಎದ್ದು ಬರುತ್ತಾರೆ. ಕಿರೀಟ ಪರದೆಗೆ ಸಿಕ್ಕಿಕೊಳ್ಳುತ್ತದೆ, ಹಾರ್ಮೋನಿಯಂ ಮಾಸ್ತರ್ ಅದೇ ಸಾಲನ್ನು ಮೂರು ಸಲ ನುಡಿಸುತ್ತಾರೆ. ಜನ ಅದಕ್ಕೇ ಶಿಳ್ಳೆ ಹೊಡೆದಿದ್ದಾರೆ.

ನರ್ಗಿಸ್ ಮಂಡಕ್ಕಿ · 3:41

ಸಂತೋಷ ಆಯಿತು. ಎರಡನೇದರಲ್ಲಿ 60 ಎಂಬಿ ಹೋಯಿತಲ್ಲ, ಏನು ಹೋಯಿತು?

ಪೆಂಗ್ವಿನ್ 16 · 3:44

ಲೆಕ್ಕ ಹಾಕಿದರೆ ಒಂದೂವರೆ ನಿಮಿಷ ಇರಬೇಕು. ಡಿವಿಡಿಗೆ ಎರಡು ಗಂಟೆ ಅಂದರೆ ಒಂದು ಎಂಬಿಗೆ ಒಂದೂವರೆ ಸೆಕೆಂಡ್.

ಭಟ್ಟಿ ಪಕ್ಕದ ಮನೆ · 3:58

ಸರಿಯಾಗಿ ಅಷ್ಟೇ. ಎರಡನೇ ಡಿಸ್ಕಿನ ಕೊನೆಗೆ, ದೃಶ್ಯದ ನಡುವೆ ಬಿಡುವು ಕೊಟ್ಟು ಗಣ್ಯರಿಗೆ ಸನ್ಮಾನ ಮಾಡಿದ್ದರು. ಆ ಜಾಗದಲ್ಲಿ ಚೌಕ ಚೌಕ ಬಣ್ಣ ಬಂದು ನಿಲ್ಲುತ್ತದೆ. ಶಾಲು ಹೊದಿಸಲು ಕೈ ಎತ್ತುತ್ತಾರೆ, ಮುಂದಕ್ಕೆ ನೆಗೆದು ನಾಟಕ ಶುರುವಾಗುತ್ತದೆ.

ಅಪ್ಪಾಜಿಗೆ ಹೇಳಿದೆ. "ಆವತ್ತೂ ಜನ ಅದನ್ನ ಕೇಳಲಿಲ್ಲ ಬಿಡು" ಅಂದರು.

ಅಣ್ಣಾ, ಆ ಉಳಿದ ಸ್ಕ್ರೂ ಮಾತ್ರ ಇನ್ನೂ ಟೇಬಲ್ ಮೇಲೇ ಇದೆ.

ಹಳೇ ಸ್ಕ್ರೂಡ್ರೈವರ್ · 4:10

ಡ್ರೈವ್ ಓದುತ್ತಿದೆಯಲ್ಲ? ಡಬ್ಬಿಗೆ ಹಾಕಿಡಿ. ನನ್ನ ಡಬ್ಬಿಯಲ್ಲಿ ಮುನ್ನೂರು ಇವೆ.